ವಿರಾಜಪೇಟೆಯಲ್ಲಿ ಮದುವೆ: ಮುಹೂರ್ತಕ್ಕಿಂತ ಗಂಗಾಪೂಜೆಗೆ ಹೆಚ್ಚು ಸಮಯ ಇಟ್ಟುಕೊಳ್ಳಿ

ಮೇ ತಿಂಗಳಲ್ಲಿ ತಂಗಿಯ ಕೊಡವ ಮದುವೆ, ಬೆಂಗಳೂರಿಂದ ಎರಡು ಬಸ್ ನೆಂಟರು, ಗಡಿಬಿಡಿ ಇಲ್ಲದೆ ಮುಗಿಸೋದು ಹೇಗೆ ಅಂತ ಕೇಳಿದ್ದೀರಿ. ಬಸ್ಸುಗಳು ಹಿಂದಿನ ಸಂಜೆಯೇ ಬಂದುಬಿಡಲಿ. ಬೆಳಗಿನ ಜಾವ ಹೊರಟು ಮುಹೂರ್ತಕ್ಕೆ ಮುಟ್ಟುವ ಸಾಹಸ ಬೇಡವೇ ಬೇಡ.

ನಮ್ಮ ಕೊಡವರಲ್ಲಿ ಪುರೋಹಿತರಿಲ್ಲ, ಹಿರಿಯರೇ ಎಲ್ಲ ನಡೆಸುವುದು. ಮುಹೂರ್ತದಲ್ಲಿ ಅಕ್ಕಿ ಹಾಕಿ, ಹಾಲು ಕುಡಿಸಿ, ಕೈಗೆ ಉಡುಗೊರೆ ಕೊಡಲು ಸಾಲು ನಿಲ್ಲುತ್ತೆ. ಮದುಮಗಳು ಅಷ್ಟೂ ಹೊತ್ತು ಕೂತೇ ಇರಬೇಕು. ಅದಕ್ಕೂ ಮೊದಲು ಗಟ್ಟಿ ತಿಂಡಿ ತಿನ್ನಿಸಿ. ಎಲ್ಲರೂ ಮರೆಯೋದು ಇದನ್ನೇ. ಹಿಂಬದಿ ನೆರಿಗೆಯ ಸೀರೆ ಉಡಿಸಲು ಬ್ಯೂಟಿಷಿಯನ್‌ಗಿಂತ ಮನೆಯ ಅಜ್ಜಿಯೇ ವಾಸಿ, ಪಿನ್ನುಗಳು ಮಾತ್ರ ಜಾಸ್ತಿ ಇರಲಿ.

ನಿಜವಾಗಿ ಹೊತ್ತು ತಿನ್ನೋದು ಗಂಗಾಪೂಜೆ. ಬಾವಿಯಿಂದ ನೀರು ಹೊತ್ತು ಬರುವ ಮದುಮಗಳ ಮುಂದೆ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡೋದೇ ಇಲ್ಲ, ಗಂಟೆಗಟ್ಟಲೆ! ನನ್ನ ಅಕ್ಕನಿಗೆ ಕತ್ತು ಹಿಡಿದುಕೊಂಡು ಎರಡು ದಿನ ತಿರುಗಿಸೋಕೆ ಆಗಲಿಲ್ಲ. ಬಿಂದಿಗೆಗೆ ನೀರು ಕಮ್ಮಿ ತುಂಬಿಸಿ, ತಲೆಗೆ ದಪ್ಪ ಸಿಂಬಿ ಇಡಿ. ಗಂಡಿನ ಕಡೆಯ ಒಬ್ಬ ಹಿರಿಯರಿಗೆ ಮೊದಲೇ ಹೇಳಿಟ್ಟರೆ ಅವರೇ "ಸಾಕು ಬಿಡ್ರೋ" ಅಂತಾರೆ.

ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಕರೆಂಟ್ ಹೋಗಬಹುದು. ಜನರೇಟರ್‌ಗೆ ಡೀಸೆಲ್ ಇದೆಯಾ ನೋಡಿಸಿ. ಪಂದಿ ಕರಿ (ಹಂದಿ ಮಾಂಸದ ಸಾರು) ಪಕ್ಕ ಸಸ್ಯಾಹಾರಿ ನೆಂಟರಿಗೆ ಬೇರೆ ಸಾಲು ಹಾಕಿಸೋದು ನಿಮಗೇ ಗೊತ್ತಿರುತ್ತೆ.