ಹಳೇ ಜಿಪ್ಸಿಯ ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ

ಹಿಂದಿನ ವೀಲ್ ಸಿಲಿಂಡರ್ (ಚಕ್ರದ ಡ್ರಮ್ ಒಳಗೆ ಬ್ರೇಕ್ ಶೂಗಳನ್ನು ತಳ್ಳುವ ಭಾಗ) ಬದಲಿಸಿದ ಮೇಲೆ ಪೆಡಲ್ ಮೆತ್ತಗಾಗಿದೆ ಅಂದರೆ ಬ್ರೇಕ್ ಆಯಿಲ್ ಲೈನಿನಲ್ಲಿ ಗಾಳಿ ಉಳಿದಿರುವ ಸಾಧ್ಯತೆಯೇ ಜಾಸ್ತಿ. ಮೊದಲು ಹಿಂದಿನ ಡ್ರಮ್‌ಗಳ ಶೂ ಅಡ್ಜಸ್ಟ್ ಮಾಡಿ, ಶೂಗೂ ಡ್ರಮ್‌ಗೂ ನಡುವೆ ಗ್ಯಾಪ್ ಜಾಸ್ತಿಯಾದರೂ ಪೆಡಲ್ ಕೆಳಗೆ ಹೋಗುತ್ತದೆ. ಆಮೇಲೆ ಒಬ್ಬರನ್ನು ಪೆಡಲ್ ಒತ್ತಲು ಕೂರಿಸಿ, ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಲೈನಿಗೆ ಆಯಿಲ್ ತಳ್ಳುವ ಭಾಗ) ದೂರವಿರುವ ಹಿಂದಿನ ಎಡ ಚಕ್ರದಿಂದ ಬ್ಲೀಡ್, ಅಂದರೆ ಗಾಳಿ ಹೊರಗೆ ತೆಗೆಯುವ ಕೆಲಸ, ಶುರು ಮಾಡಿ. ಚಕ್ರದ ಹಿಂಬದಿಯ ನಿಪ್ಪಲ್‌ಗೆ (ಗಾಳಿ ಬಿಡುವ ಸಣ್ಣ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ, ಪೆಡಲ್ ಒತ್ತಿದಾಗ ನಿಪ್ಪಲ್ ಸಡಿಲಿಸಿ. ಪೈಪಿನಲ್ಲಿ ಸಣ್ಣ ಗುಳ್ಳೆಗಳು ಬರುವುದೂ ನಿಲ್ಲಬೇಕು. ಪ್ರತಿ ಸಲವೂ ಪೆಡಲ್ ಒತ್ತುವವರು ಕಾಲು ತೆಗೆಯುವ ಮುಂಚೆಯೇ ನಿಪ್ಪಲ್ ಬಿಗಿ ಮಾಡಿ, ಇಲ್ಲದಿದ್ದರೆ ಗಾಳಿ ವಾಪಸ್ ಎಳೆಯುತ್ತದೆ. ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ. ಹೊರಬಂದ ಆಯಿಲ್ ಮತ್ತೆ ಹಾಕಬೇಡಿ.

ಇಷ್ಟಾದರೂ ಮೆತ್ತಗಿದ್ದರೆ ಬ್ರೇಕ್ ಲೈನಿನ ರಬ್ಬರ್ ಹೋಸ್ ಉಬ್ಬುತ್ತಿರಬಹುದು. ಪೆಡಲ್ ಒತ್ತಿಸಿ ಹೋಸನ್ನು ಕೈಯಲ್ಲಿ ಹಿಡಿದು ನೋಡಿ. ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಇಳಿಯುತ್ತಿದ್ದು ಎಲ್ಲೂ ಸೋರಿಕೆ ಕಾಣದಿದ್ದರೆ, ಬಹುತೇಕ ಮಾಸ್ಟರ್ ಸಿಲಿಂಡರೇ ಹೋಗಿರುತ್ತದೆ. ಸರಿಯಾಗುವವರೆಗೆ ದಯವಿಟ್ಟು ಗಾಡಿ ರಸ್ತೆಗೆ ಇಳಿಸಬೇಡಿ.