ಬೆಳಿಗ್ಗೆ ಚುರುಕಾಗಿ ಏರುವ ಸೆಸ್ನಾ ಮಧ್ಯಾಹ್ನ ಯಾಕೆ ಏದುಸಿರು ಬಿಡುತ್ತದೆ?

ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಸಲೀಸಾಗಿ ಏರಿದ ಸೆಸ್ನಾ 172 ಎಂಬ ಸಣ್ಣ ವಿಮಾನ, ಏಪ್ರಿಲ್ ಮಧ್ಯಾಹ್ನ ಅದೇ ಇಬ್ಬರನ್ನು ಹೊತ್ತು ಏರಲು ಒದ್ದಾಡುತ್ತದೆ, ಇಂಜಿನ್‌ನಲ್ಲಿ ಏನಾದರೂ ತೊಂದರೆ ಇದೆಯಾ ಅಂತ ಕೇಳಿದ್ದೀರಿ. ಅನುಮಾನ ಇದ್ದರೆ ಇಂಜಿನಿಯರ್‌ಗೆ ಹೇಳಿಬಿಡಿ, ಅದರಲ್ಲಿ ಸಂಕೋಚ ಬೇಡ. ಆದರೆ ನೀವು ಹೇಳುವುದನ್ನೆಲ್ಲ ನೋಡಿದರೆ ಕಾರಣ ಇಂಜಿನ್ ಅಲ್ಲ, ಗಾಳಿ.

ಇಂಜಿನ್ ಉಸಿರಾಡುವುದು ಗಾಳಿ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವುದೂ ಗಾಳಿ. ರೆಕ್ಕೆಗೆ ಆಸರೆ ಕೊಡುವುದೂ ಅದೇ. ಬಿಸಿಲಿಗೆ ಗಾಳಿ ತೆಳುವಾದರೆ ಮೂರಕ್ಕೂ ಒಟ್ಟಿಗೇ ಏಟು ಬೀಳುತ್ತದೆ.

ಲೆಕ್ಕ ಹಾಕಿ ನೋಡೋಣ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಪುಸ್ತಕದ ಮಾದರಿ ವಾತಾವರಣದ ಪ್ರಕಾರ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, ಆಮೇಲೆ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಡಿಮೆ. ಅಂದರೆ ಜಕ್ಕೂರಿನಲ್ಲಿ 9 ಡಿಗ್ರಿ ಇರಬೇಕಿತ್ತು. ಇರುವುದು 35 ಅಂತಿಟ್ಟುಕೊಳ್ಳಿ. 26 ಡಿಗ್ರಿ ಜಾಸ್ತಿ. ಡಿಗ್ರಿಗೆ 120 ಅಡಿಯಂತೆ 3120 ಅಡಿ ಸೇರಿಸಿ. ಒಟ್ಟು 6000 ಅಡಿ ದಾಟಿತು! ಇದೇ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳು ಅನ್ನುವುದರ ಮೇಲೆ ವಿಮಾನಕ್ಕೆ ಅನ್ನಿಸುವ ಎತ್ತರ. ನಿಮ್ಮ ಕಣ್ಣಿಗೆ ಅದು ಜಕ್ಕೂರು, ವಿಮಾನದ ಪಾಲಿಗೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿ. ಬೆಳಿಗ್ಗೆ 20 ಡಿಗ್ರಿ ಇದ್ದಾಗ ಇದೇ ಲೆಕ್ಕ 4300 ಅಡಿಗೆ ನಿಲ್ಲುತ್ತದೆ. (ಇನ್ನೂ ಸರಿಯಾಗಿ ಬೇಕಿದ್ದರೆ ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ ಒತ್ತಡವನ್ನು 1013 ಹೆಕ್ಟೊಪಾಸ್ಕಲ್‌ಗೆ ಇಟ್ಟು, ಅದು ತೋರಿಸುವ ಎತ್ತರದಿಂದ ಲೆಕ್ಕ ಶುರು ಮಾಡಿ.)

6000 ಅಡಿಯಲ್ಲಿ 180 ಅಶ್ವಶಕ್ತಿಯ ಇಂಜಿನ್ 150ರ ಆಸುಪಾಸಿಗೆ ಇಳಿದಿರುತ್ತದೆ. ತುಂಬಿದ ತೂಕದಲ್ಲಿ ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರುವ 172ಎಸ್ (172ರ ಒಂದು ಮಾದರಿ), ಇಲ್ಲಿ ಅದಕ್ಕಿಂತ ಸಾಕಷ್ಟು ನಿಧಾನಕ್ಕೆ ಏರುತ್ತದೆ. ನೆಲ ಬಿಡುವ ಮುಂಚಿನ ಓಟವೂ ಸುಮಾರು ಒಂದೂವರೆ ಪಟ್ಟಾಗುತ್ತದೆ. ನಿಮ್ಮ ವಿಮಾನದ ಹ್ಯಾಂಡ್‌ಬುಕ್‌ನಲ್ಲಿ ಇದಕ್ಕೆಂದೇ ಕೋಷ್ಟಕ ಇದೆ. ಪರೀಕ್ಷೆಗೆ ಮಾತ್ರ ಅಂತ ಅದನ್ನು ಮುಚ್ಚಿಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ತೆಳು ಗಾಳಿಯಲ್ಲಿ ವೇಗದ ಮೀಟರ್ 55 ನಾಟ್ ತೋರಿಸುವಾಗ ವಿಮಾನ ನಿಜವಾಗಿ ಓಡುವುದು 60 ನಾಟ್‌ನಲ್ಲಿ. ಮೂಗು ಎತ್ತಬೇಕಾದ ವೇಗ ಮೀಟರಿನಲ್ಲಿ ಮಾತ್ರ ಅದೇ 55. ನೆಲ ಜೋರಾಗಿ ಓಡುವುದು ಕಂಡು, ವೇಗ ಬಂತು ಅಂದುಕೊಂಡು ಕೈ ತಾನಾಗೇ ಯೋಕ್ (ವಿಮಾನದ ಮೂಗನ್ನು ಎತ್ತಿ ಇಳಿಸುವ ಹಿಡಿ) ಎಳೆಯುತ್ತದೆ. ನಾನು ಎಳೆದಿದ್ದೇನೆ.

ಮೇ ತಿಂಗಳ ಮಧ್ಯಾಹ್ನ, ಬಯಲುಸೀಮೆಯ ಒಂದು ಸಣ್ಣ ಏರ್‌ಸ್ಟ್ರಿಪ್. ಟ್ಯಾಂಕ್ ಪೂರ್ತಿ. ರನ್‌ವೇ ಮುಗಿಯುತ್ತಾ ಬಂತು ಅನ್ನಿಸಿ ಎಳೆದುಬಿಟ್ಟೆ. ಚಕ್ರ ನೆಲ ಬಿಟ್ಟವು, ಆದರೆ ವಿಮಾನ ಏರಲಿಲ್ಲ. ನೆಲದ ಹತ್ತಿರ, ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದದಷ್ಟು ಎತ್ತರದೊಳಗೆ, ವಿಮಾನವನ್ನು ಹಿಂದಕ್ಕೆ ಜಗ್ಗುವ ಗಾಳಿಯ ಎಳೆತ ಕಡಿಮೆ ಇರುತ್ತದೆ. ಅದರ ಬಲದಲ್ಲಿ ತೇಲಿತು, ಅಷ್ಟೇ. ರೆಕ್ಕೆ ಆಸರೆ ಕಳೆದುಕೊಳ್ಳುವ ಮುಂಚೆ ಎಚ್ಚರಿಸುವ ಸ್ಟಾಲ್ ವಾರ್ನಿಂಗ್ ಸಣ್ಣಗೆ ಕುಯ್ಯೋ ಅನ್ನತೊಡಗಿತು. ಎದುರಿಗೆ ನೀಲಗಿರಿ ಮರಗಳು. ಇನ್ನೂ ಎಳೆಯೋಣ ಅನ್ನಿಸಿತು, ಅದೇ ಕೊಲ್ಲುವ ತಪ್ಪು. ಇನ್‌ಸ್ಟ್ರಕ್ಟರ್ ಯೋಕ್ ಹಿಡಿದು ಮೂಗನ್ನು ಒಂಚೂರು ಇಳಿಸಿದರು. "ಮರ ನೋಡಬೇಡ, ಸ್ಪೀಡ್ ನೋಡು" ಅಂದರು. 52, 55, 60. ಆ ಮೇಲೆ ನಿಧಾನಕ್ಕೆ ಏರಿತು. ಮರದ ಎಲೆಗಳು ಬಿಡಿಬಿಡಿಯಾಗಿ ಕಂಡಿದ್ದು ಇವತ್ತಿಗೂ ನೆನಪಿದೆ.

ಇಳಿಯುವಾಗಲೂ ಇದೇ ಮೋಸ. ನೆಲ ಓಡುವುದು ಜಾಸ್ತಿ ಅನ್ನಿಸಿದರೂ ಮೀಟರಿನ ವೇಗ ಇಳಿಸಬೇಡಿ.

ಮಿಕ್ಸ್ಚರ್, ಅಂದರೆ ಇಂಜಿನ್‌ಗೆ ಹೋಗುವ ಇಂಧನ-ಗಾಳಿಯ ಮಿಶ್ರಣದ ಬಗ್ಗೆಯೂ ಒಂದು ಮಾತು. 3000 ಅಡಿಗಿಂತ ಎತ್ತರದ ಫೀಲ್ಡ್‌ನಿಂದ ಹಾರುವ ಮುಂಚೆ ಪೂರ್ತಿ ಥ್ರಾಟಲ್‌ನಲ್ಲಿ ನಿಂತು, ಅತಿ ಹೆಚ್ಚು ಆರ್‌ಪಿಎಂ (ಇಂಜಿನ್ ಸುತ್ತು) ಬರುವಷ್ಟು ಲೀನ್ ಮಾಡಬೇಕು, ಅಂದರೆ ಇಂಧನದ ಪಾಲು ಇಳಿಸಬೇಕು ಅಂತ 172ಎಸ್‌ನ ಹ್ಯಾಂಡ್‌ಬುಕ್ಕೇ ಹೇಳುತ್ತದೆ. ಜಕ್ಕೂರು ಸರಿಯಾಗಿ ಆ ಗಡಿಯಲ್ಲೇ ಇದೆ. ಸುಮ್ನೆ ರೂಢಿ ಅಂತ ಫುಲ್ ರಿಚ್‌ನಲ್ಲಿ (ಇಂಧನದ ಪಾಲು ಪೂರ್ತಿ ಹೆಚ್ಚಿಟ್ಟು) ಬಿಡದೆ, ಮಧ್ಯಾಹ್ನದ ಸಾರ್ಟಿಗೆ (ಹಾರಾಟಕ್ಕೆ) ಏನು ಮಾಡಬೇಕು ಅಂತ ನಿಮ್ಮ ಇನ್‌ಸ್ಟ್ರಕ್ಟರನ್ನು ಕೇಳಿ.

ಮುಂದಿನ ಮಧ್ಯಾಹ್ನದ ಸಾರ್ಟಿಗೆ ಮುಂಚೆ ರನ್‌ವೇಯ ಅರ್ಧಕ್ಕೆ ಒಂದು ಗುರುತು ನೋಡಿಟ್ಟುಕೊಳ್ಳಿ. ಟ್ಯಾಕ್ಸಿವೇ ಆಗಲಿ, ಗಾಳಿಚೀಲದ ಕಂಬ ಆಗಲಿ. ಅಲ್ಲಿಗೆ ಬರುವಷ್ಟರಲ್ಲಿ ಎತ್ತುವ ವೇಗದ ಶೇ. 70 ಬಂದಿರಬೇಕು. 55ಕ್ಕೆ ಎತ್ತುವುದಾದರೆ 39 ನಾಟ್. ಬಂದಿಲ್ಲವಾ? ಥ್ರಾಟಲ್ ಎಳೆದು ನಿಲ್ಲಿಸಿ, ವಾಪಸ್ ಬಂದು ನೀರು ಕುಡಿದು ಕೂತ್ಕೊಳ್ಳಿ. ಸಂಜೆ ಐದರ ಮೇಲೆ ಹಾರಬಹುದು.