ಮುರಕಲ್ಲಿನ ಗೋಡೆಯೂ ಅಪರೂಪದ ಇಂಗ್ಲಿಷ್ ಪದಗಳೂ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಹೇಳುವ ಓದುಗರೊಬ್ಬರ ದೀರ್ಘ ಪತ್ರದ ಸಾರ ಇದು: 'ಯಾರೂ ಬಳಸದ, ಹೆಚ್ಚಿನವರು ಕೇಳಿಯೂ ಇರದ ಇಂಗ್ಲಿಷ್ ಪದಗಳನ್ನು ಹುಡುಕಿ, ಮನೆಯ ಹಳೆಯ ಅಡಿಕೆ ಲೆಕ್ಕದ ಪುಸ್ತಕದ ಖಾಲಿ ಪುಟಗಳಲ್ಲಿ ನಾಲ್ಕು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಮೊದಲು ಬರೆದದ್ದು ಹೊಸ ಮಳೆಯ ಮಣ್ಣಿನ ಕಂಪನ್ನು ಹೇಳುವ ಪೆಟ್ರಿಕೋರ್ ಎಂಬ ಪುರಾತನ ಗ್ರೀಕ್ ಪದ, ಈಚೆಗೆ ಬರೆದದ್ದು ಕ್ವಿಂಕಂಕ್ಸ್. ತರಗತಿಯ ಮಕ್ಕಳೂ ಈ ಆಟಕ್ಕೆ ಸೇರಿಕೊಂಡಿದ್ದಾರೆ. ಕಾಸರಗೋಡಿನಲ್ಲಿ ಕನ್ನಡವೇ ಕಷ್ಟದಲ್ಲಿರುವಾಗ ಕನ್ನಡದ ಅಧ್ಯಾಪಿಕೆಗೆ ಇದೆಂತಹ ಹುಚ್ಚು ಎಂದು ಮನೆಯ ಹಿರಿಯರು ಕೇಳಿದರು. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಇದು ಕಾಲಹರಣವೇ? ಮಕ್ಕಳೊಂದಿಗೆ ಮುಂದುವರಿಸಬಹುದೇ?'

ಮಾನ್ಯರೇ,

ಮುಂದುವರಿಸಿ. ಆದರೆ ನಿಮ್ಮ ಪಟ್ಟಿಯ ಮೊದಲ ಪದದ ಬಗ್ಗೆ ಒಂದು ತಿದ್ದುಪಡಿ ಮಾಡಿಯೇ ಉಳಿದುದನ್ನು ಹೇಳಬೇಕು, ಏಕೆಂದರೆ ಈ ಆಟದ ನಿಜವಾದ ಸುಖ ಇಂತಹ ತಿದ್ದುಪಡಿಗಳಲ್ಲೇ ಇದೆ ಎಂಬುದು ನನ್ನ ನಂಬಿಕೆ. ಪೆಟ್ರಿಕೋರ್ ಪುರಾತನ ಪದವಲ್ಲ. ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 1964ರಲ್ಲಿ ನೇಚರ್ ಪತ್ರಿಕೆಯ ಲೇಖನವೊಂದರಲ್ಲಿ ಅದನ್ನು ಕಟ್ಟಿದರು. ಗ್ರೀಕಿನಲ್ಲಿ ಪೆಟ್ರ ಎಂದರೆ ಕಲ್ಲು. ಐಕೋರ್ ಎಂದರೆ ಅವರ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ರಸ. ಒಣಗಿದ ಕಲ್ಲು ಮತ್ತು ಜೇಡಿಮಣ್ಣಿನಿಂದ ಅವರು ಬಟ್ಟಿ ಇಳಿಸಿ ತೆಗೆದ ಎಣ್ಣೆಗೆ ಆ ಹೆಸರಿಟ್ಟರು. ಕಂಪಿಗೇ ಆ ಹೆಸರು ಹತ್ತಿಕೊಂಡದ್ದು ಆಮೇಲೆ. ಅದೇ ಎಣ್ಣೆಯನ್ನು ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಅದಕ್ಕಿಂತ ಬಹಳ ಮೊದಲೇ ಸುಟ್ಟ ಮಣ್ಣಿನಿಂದ ಇಳಿಸಿ, ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಟ್ಟು, ಮಿಟ್ಟಿ ಅತ್ತರ್ ಎಂದು ಮಾರುತ್ತಿದ್ದರು. ಆ ವಿಜ್ಞಾನಿಗಳಿಗೂ ಇದು ತಿಳಿದಿತ್ತು. ಹೀಗೆ ನೋಡಿದರೆ, ಗ್ರೀಕ್ ಅಂಗಿ ತೊಟ್ಟು ಬಂದ ಆ ಪದದ ಹಿಂದೆ ನಮ್ಮ ದೇಶದ ಒಂದು ಕಸುಬು ನಿಂತಿದೆ.

ಕಲ್ಲಿನ ಮಾತು ಬಂದದ್ದರಿಂದ ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಇರಲೇಬೇಕಾದ ಇನ್ನೊಂದು ಪದವನ್ನು ಸೇರಿಸುತ್ತೇನೆ. ಅದು ಲ್ಯಾಟರೈಟ್. ಭೂವಿಜ್ಞಾನದ ಪುಸ್ತಕಗಳಲ್ಲಿ ಮಾತ್ರ ಸಿಗುವ ಈ ಪದದ ಅರ್ಥ ನಮ್ಮ ಮುರಕಲ್ಲು. ಬಹುಶಃ ನಿಮ್ಮ ಮನೆಯ ಗೋಡೆಯೂ ಶಾಲೆಯ ಗೋಡೆಯೂ ಅದರದ್ದೇ, ಬೇಕಲ ಕೋಟೆಯಂತೂ ಅದರದ್ದೇ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್ ಮತ್ತು ಕೆನರಾ ಸೀಮೆಗಳನ್ನು ಸುತ್ತಿ, ಕಂಡದ್ದನ್ನೆಲ್ಲ ಬರೆದಿಟ್ಟ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ, ನೆಲದೊಳಗೆ ಇರುವಾಗ ಕಬ್ಬಿಣದ ಸಲಕರಣೆಯಿಂದ ಸುಲಭವಾಗಿ ಕಡಿಯಬಹುದಾದ, ಗಾಳಿಗೆ ತೆರೆದುಕೊಂಡ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುವ ಈ ಕಲ್ಲನ್ನು ಕಂಡು ಅವನು ಬೆರಗಾದ. ಊರವರು ಅದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆ ಎಂದು ಅವನೇ ಬರೆದಿದ್ದಾನೆ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಲೇಟರ್ ಎನ್ನುವುದರಿಂದ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಸೂಕ್ತವೆಂದು ಸೂಚಿಸಿದ್ದಾನೆ. ಅಂದರೆ ಇಂದು ಬ್ರೆಜಿಲಿನಲ್ಲಿಯೂ ಆಫ್ರಿಕಾದಲ್ಲಿಯೂ ವಿಜ್ಞಾನಿಗಳು ಬಳಸುವ ಈ ಪದವು, ನಮ್ಮ ಕರಾವಳಿಯ ಕಲ್ಲು ಕಡಿಯುವವರ ಮಾತಿನ ನೇರ ಲ್ಯಾಟಿನ್ ಅನುವಾದ. ಕಲ್ಲುಕೋರೆಯ ಪಕ್ಕದಲ್ಲಿ ಬೆಳೆದ ನನಗೆ ಇದು ತಿಳಿದ ದಿನ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಅಪರೂಪದ ಪದವೊಂದು ನನ್ನನ್ನು ಮೊದಲು ಹಿಡಿದ ಸಂದರ್ಭವನ್ನೂ ಹೇಳಬೇಕು. ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಅವಂಕ್ಯುಲರ್ ಎಂಬ ಪದ ಬಂದಾಗ, ನಮ್ಮ ಅಧ್ಯಾಪಕರು ಅದನ್ನು 'ಚಿಕ್ಕಪ್ಪನಂತಹ' ಎಂದು ಅರ್ಥ ಹೇಳಿ ಮುಂದೆ ಸಾಗಿದರು. ಸೋದರಮಾವನಿಂದ ಅಳಿಯನಿಗೆ ಹಕ್ಕು ಹೋಗುವ ಅಳಿಯಕಟ್ಟಿನ ಮನೆತನದಿಂದ ಬಂದ ಗೆಳೆಯನೊಬ್ಬ ನನ್ನ ಪಕ್ಕದಲ್ಲಿ ಕುಳಿತಿದ್ದ. ಪಾಠದಲ್ಲಿದ್ದ ಆ ಹಿರಿಯ ಮನುಷ್ಯನ ನಡತೆ ಚಿಕ್ಕಪ್ಪನದಲ್ಲ, ನಮ್ಮ ತಮ್ಮಲೆಯದು ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ. ತುಳುವಿನಲ್ಲಿ ತಮ್ಮಲೆ ಎಂದರೆ ಸೋದರಮಾವ. ಸಂಜೆ ಗ್ರಂಥಾಲಯದಲ್ಲಿ ದೊಡ್ಡ ನಿಘಂಟು ತೆರೆದು ನೋಡಿದಾಗ ಗೆಳೆಯನ ಮಾತೇ ಸರಿಯಾಗಿತ್ತು. ಲ್ಯಾಟಿನ್ನಿನಲ್ಲಿ ತಾಯಿಯ ಸಹೋದರನಿಗೆ ಅವಂಕ್ಯುಲಸ್, ತಂದೆಯ ಸಹೋದರನಿಗೆ ಪಾಟ್ರೂಸ್ ಎಂದು ಬೇರೆ ಬೇರೆ ಹೆಸರುಗಳಿದ್ದವು. ಅವಂಕ್ಯುಲಸ್ ಎಂಬುದರ ಮೂಲಾರ್ಥ ಪುಟ್ಟ ಅಜ್ಜ. ಅದು ಫ್ರೆಂಚಿನ ದಾರಿಯಲ್ಲಿ ಸವೆದು ಇಂಗ್ಲಿಷಿನ ಅಂಕಲ್ ಆಯಿತು. ಸವೆಯುವಾಗ ಮಾವ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರೂ ಒಂದೇ ಚೀಲದೊಳಗೆ ಬಿದ್ದರು. ರೋಮನ್ನರಲ್ಲಿ ಪಾಟ್ರೂಸ್ ಎಂದರೆ ಗದರಿಸುವ, ಬಿಗಿಮುಖದ ಹಿರಿಯನೆಂಬ ನುಡಿಗಟ್ಟೇ ಇತ್ತು. ಮದುವೆಯಾದ ದಂಪತಿ ಗಂಡನ ಸೋದರಮಾವನಲ್ಲಿ ನೆಲೆಸುವ ಪದ್ಧತಿಗೆ ಮಾನವಶಾಸ್ತ್ರಜ್ಞರು ಅವಂಕ್ಯುಲೋಕಲ್ ಎಂಬ ಪದವನ್ನು ಕಟ್ಟಿಕೊಂಡಿದ್ದಾರೆ. ಮಲಯಾಳದ ಸೋದರಮಾವನಾದ ಅಮ್ಮಾವನ್, ತಮ್ಮಲೆ, ಸೋದರಮಾವ, ಹವ್ಯಕರ ಚಿಕ್ಕಪ್ಪನಾದ ಅಪ್ಪಚ್ಚಿ ಇವರೆಲ್ಲ ಒಂದೇ ಬೀದಿಯಲ್ಲಿ ಓಡಾಡುವ ನಮ್ಮ ಊರಿನ ಮಗುವಿಗೆ ಈ ಪದ ಎಷ್ಟು ಬೇಗ ಅರ್ಥವಾಗುತ್ತದೆಯೋ, ಅಷ್ಟು ಬೇಗ ಲಂಡನ್ನಿನ ಮಗುವಿಗೆ ಅರ್ಥವಾಗಲಾರದು.

ಮಕ್ಕಳ ಜೊತೆಗಿನ ಆಟದ ಬಗ್ಗೆ ನೀವು ಕೇಳಿದ್ದೀರಿ. ನನ್ನ ಅನುಭವದಲ್ಲಿ ಅತ್ಯಂತ ಚೆನ್ನಾಗಿ ನಡೆಯುವ ಆಟವು ಕಿಟಕಿಯಿಂದ ಆರಂಭವಾಗುತ್ತದೆ. ಡಿಫೆನೆಸ್ಟ್ರೇಶನ್ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಒಬ್ಬನನ್ನು ಕಿಟಕಿಯಿಂದ ಹೊರಕ್ಕೆ ಎಸೆಯುವುದಕ್ಕೆ ಪ್ರತ್ಯೇಕ ಪದವೇ ಇದೆ ಎಂದರೆ ಸಾಕು, ತರಗತಿ ಎಚ್ಚೆತ್ತುಕೊಳ್ಳುತ್ತದೆ. 1618ರಲ್ಲಿ ಪ್ರಾಗ್ ನಗರದಲ್ಲಿ ಸಿಟ್ಟಿಗೆದ್ದ ಜನ ಅರಸನ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಕೋಟೆಯ ಕಿಟಕಿಯಿಂದ ಹೊರಗೆಸೆದರು, ಮೂವರೂ ಬದುಕಿಕೊಂಡರು, ಆದರೆ ಅಲ್ಲಿಂದ ಹೊತ್ತಿಕೊಂಡ ಯುದ್ಧ ಮೂವತ್ತು ವರ್ಷ ನಡೆಯಿತು ಎಂಬ ಕಥೆಯನ್ನು ಹೇಳಿ. ಬಳಿಕ, ಲ್ಯಾಟಿನ್ನಿನಲ್ಲಿ ಕಿಟಕಿಗೆ ಫೆನೆಸ್ಟ್ರ ಎನ್ನುತ್ತಿದ್ದರು, ನಿಮ್ಮ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿ. ಕೊಂಕಣಿ ಮನೆಯ ಮಗು ಜನೆಲ್ ಎನ್ನುತ್ತದೆ, ಮಲಯಾಳ ಮನೆಯದು ಜನಲ್ ಎನ್ನುತ್ತದೆ. ಎರಡೂ ಪೋರ್ಚುಗೀಸರ ಜನೆಲ, ಅಂದರೆ ಪುಟ್ಟ ಬಾಗಿಲು. ಕಿಟಕಿ ಉತ್ತರದ ಭಾಷೆಗಳಿಂದ ಬಂದದ್ದು. ಹಳೆಯ ಮನೆಯ ಅಜ್ಜಿಯೊಬ್ಬರು ಬೆಳಕಿಂಡಿ ಎಂದಾರು. ಸಂಸ್ಕೃತದ ಗವಾಕ್ಷ ಎಂದರೆ ಗೋವಿನ ಕಣ್ಣು. ಈಗ ಇಂಗ್ಲಿಷಿನ ವಿಂಡೋ ಕಡೆಗೆ ಹೊರಳಿ: ಅದು ಹಳೆಯ ನಾರ್ಸ್ ಭಾಷೆಯ ವಿಂಡಾಗ, ಅಂದರೆ ಗಾಳಿಯ ಕಣ್ಣು. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು, ಒಬ್ಬರ ಪರಿಚಯ ಇನ್ನೊಬ್ಬರಿಗೆ ಇಲ್ಲದೆ, ಗೋಡೆಯಲ್ಲಿ ಕೊರೆದ ರಂಧ್ರವನ್ನು ನೋಡಿ ಅದು ಕಣ್ಣೆಂದು ತಿಳಿದವು. ಇದನ್ನು ಹೇಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಬೆಳಕಿಗಾಗಿಯೇ ನಾನು ಈ ಆಟವನ್ನು ಮತ್ತೆ ಮತ್ತೆ ಆಡಿಸಿದ್ದೇನೆ.

ನಾಡಿದ್ದು ಎಂಬುದಕ್ಕೆ ಇಂಗ್ಲಿಷಿನಲ್ಲಿ ಓವರ್‌ಮಾರೋ ಎಂಬ ಪದ ಒಂದು ಕಾಲದಲ್ಲಿ ಇತ್ತು. 1535ರ ಕವರ್ಡೇಲ್ ಬೈಬಲ್ ಅನುವಾದದಲ್ಲಿ ಅದು ಕಾಣುತ್ತದೆ. ಆಮೇಲೆ ಬಳಕೆ ತಪ್ಪಿತು. ನಮ್ಮಲ್ಲಿ ನಾಡಿದ್ದು, ತುಳುವಿನ ಎಲ್ಲಂಜಿ, ಮಲಯಾಳದ ಮಟ್ಟನ್ನಾಳ್ ಮೂರೂ ಇನ್ನೂ ಸಂತೆಗೆ ಹೋಗಿ ಬರುತ್ತಿವೆ. ಇಂಗ್ಲಿಷಿನವರು ಅಪರೂಪದ ಪದವೆಂದು ಹುಡುಕಿ ಹಿಗ್ಗುವುದು ನಮ್ಮ ಮಕ್ಕಳ ಬಾಯಲ್ಲಿ ದಿನಬಳಕೆಯ ಮಾತಾಗಿರುವುದನ್ನು ಅವರಿಗೆ ತೋರಿಸಿಕೊಡಿ.

ಆದರೂ ನಿಮ್ಮ ಪಟ್ಟಿಯ ಕೆಲವು ಪದಗಳ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಇಂಗ್ಲಿಷಿನ ಮೊದಲ ನಿಘಂಟುಗಳು ಕಠಿಣ ಪದಗಳ ನಿಘಂಟುಗಳೇ ಆಗಿದ್ದವು. ನಿಮ್ಮಂತೆಯೇ ಶಾಲೆಯಲ್ಲಿ ಪಾಠ ಹೇಳಿದ್ದ ರಾಬರ್ಟ್ ಕಾಡ್ರಿ 1604ರಲ್ಲಿ ಸುಮಾರು 2,500 ಪದಗಳ ಪುಟ್ಟ ಕೋಶವನ್ನು ಹೊರತಂದಾಗ, ಓದುವಾಗ ಎಡವುವವರಿಗೆ ಕೈಹಿಡಿಯುವುದು ಅವನ ಉದ್ದೇಶವಾಗಿತ್ತು. 1623ರಲ್ಲಿ ಹೆನ್ರಿ ಕಾಕರಮ್ ತನ್ನ ನಿಘಂಟನ್ನು ತಂದಾಗ ಗಾಳಿ ಬದಲಾಗಿತ್ತು. ಸಾಮಾನ್ಯ ಮಾತಿಗೆ ಬದಲಾಗಿ ಯಾವ ಭಾರಿ ಪದ ಹಾಕಬಹುದೆಂದು ತೋರಿಸುವ ಒಂದು ಭಾಗವನ್ನೇ ಅವನು ಸೇರಿಸಿದ. ಚಳಿಗಾಲದ ಬಿಸಿಲಿನ ಹಿತವಾದ ಕಾವಿಗೆ ಏಪ್ರಿಸಿಟಿ ಎಂಬ ಪದ ಅವನ ಪುಸ್ತಕದಲ್ಲಿದೆ. ಅದು ನಿಮ್ಮ ಪಟ್ಟಿಯಲ್ಲಿಯೂ ಇದೆ. ಅರ್ಥ ಬಹಳ ಸುಂದರ. ಆದರೆ ಯಾವ ಜನರೂ ಬಿಸಿಲಿಗೆ ಕುಳಿತು ಆ ಪದವನ್ನು ಆಡಿದವರಲ್ಲ, ಅದು ನಿಘಂಟಿನಲ್ಲೇ ಹುಟ್ಟಿ ನಿಘಂಟಿನಲ್ಲೇ ಉಳಿಯಿತು. ಡಿಸೆಂಬರದ ಬೆಳಗ್ಗೆ ಅಡಿಕೆ ಹರಡಿದ ಅಂಗಳದ ಬದಿಯಲ್ಲಿ ಕುಳಿತು ಎಳೆಬಿಸಿಲಿಗೆ ಬೆನ್ನು ಕಾಯಿಸುತ್ತೇವಲ್ಲ, ಆ ಕಾಯಿಸುವ ಮಾತಿನಲ್ಲಿರುವ ಜೀವ ಏಪ್ರಿಸಿಟಿಯಲ್ಲಿ ನನಗೆ ಸಿಗುವುದಿಲ್ಲ. ಇಂತಹ ಪದವನ್ನು ಬರೆದಿಡಿ, ಅದರ ಚಂದವನ್ನು ನೋಡಿ. ಆದರೆ ಪ್ರಬಂಧದಲ್ಲಿ ತುರುಕಿ ಓದುವವರನ್ನು ಬೆದರಿಸಲು ಮಕ್ಕಳಿಗೆ ಕಲಿಸಬೇಡಿ.

ಇಪ್ಪತ್ತೊಂಬತ್ತು ಅಕ್ಷರಗಳ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಎಂಬುದು ಮಾತ್ರ ಬೇರೆ ಜಾತಿಯದು. ಒಂದನ್ನು ಏನೂ ಬೆಲೆಯಿಲ್ಲದ್ದೆಂದು ಎಣಿಸುವುದು ಎಂಬುದು ಅದರ ಅರ್ಥ. ಲ್ಯಾಟಿನ್ ವ್ಯಾಕರಣ ಕಲಿಯುವ ಹುಡುಗರ ಪಾಠದಲ್ಲಿ ತುಚ್ಛವೆಂದು ಹೇಳಲು ಬರುವ ನಾಲ್ಕು ಮಾತುಗಳನ್ನು ಸಾಲಾಗಿ ಹೊಲಿದು ಮಾಡಿದ ಪದ ಅದು. ಅವುಗಳಲ್ಲಿ ಒಂದು ಉಣ್ಣೆಯ ಎಳೆ, ಇನ್ನೊಂದು ಕೂದಲು. ನಾವು ಹುಲ್ಲುಕಡ್ಡಿ ಎನ್ನುವಲ್ಲಿ, ಕವಡೆ ಕಿಮ್ಮತ್ತಿಲ್ಲ ಎನ್ನುವಲ್ಲಿ ರೋಮನ್ನರು ಉಣ್ಣೆಯೆಳೆ ಹಿಡಿದರು. ಇದನ್ನು ಮಕ್ಕಳು ಬಾಯಿಪಾಠ ಮಾಡಿ ನಗಲಿ.

ಇನ್ನು ನಿಮ್ಮ ಮನೆಯ ಹಿರಿಯರ ಮಾತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. 1956ರ ನವೆಂಬರ್ 1ರಂದು ಈ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಮೇಲೆ, ಕನ್ನಡದಲ್ಲಿ ಒಂದು ಅರ್ಜಿ ಬರೆಯುವುದಕ್ಕೂ ಒಂದು ಶಾಲೆ ಉಳಿಸುವುದಕ್ಕೂ ಪಟ್ಟ ಪಾಡು ಅವರಿಗೆ ನೆನಪಿರುತ್ತದೆ. ಆ ನೋವಿನಿಂದಲೇ ಅವರು ಕೇಳಿದ್ದಾರೆ. ಆದರೆ ನಮ್ಮ ಪದಗಳು ಹೋಗುತ್ತಿರುವುದು ಬೇರೆ ದಾರಿಯಲ್ಲಿ ಎಂದು ಅವರಿಗೆ ವಿನಯದಿಂದ ತಿಳಿಸಿ. ಗೆರಟೆಯ ಸೌಟು ಅಡುಗೆಮನೆಯಿಂದ ಹೋದಾಗ ಗೆರಟೆ ಎಂಬ ಮಾತು ಸೊರಗುತ್ತದೆ, ತೆಂಗಿನ ಮಡಲಿನ ಬುಡವಾದ ಕೊತ್ತಳಿಂಗೆಯನ್ನು ಒಲೆಗೆ ಹಾಕುವವರಿಲ್ಲದಾಗ ಆ ಹೆಸರೂ ಮಾಯವಾಗುತ್ತದೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆಯ ತರಗಳನ್ನು ಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ಓದಿದ ಮಕ್ಕಳು ಯಾವುದು ಯಾವುದೆಂದು ಕೈಯಲ್ಲಿ ಹಿಡಿದು ಹೇಳಲಾರರು. ಇಂಗ್ಲಿಷಿನ ಅಪರೂಪದ ಪದದ ಬೆನ್ನುಹತ್ತುವ ಮಗುವಿಗೆ ಈ ಪದಗಳ ಬೆನ್ನುಹತ್ತುವ ಕಣ್ಣು ಬರುತ್ತದೆ. ಆದುದರಿಂದ ನಿಮ್ಮ ಲೆಕ್ಕದ ಪುಸ್ತಕದ ಪ್ರತಿ ಪುಟದಲ್ಲಿ ನಡುಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದು ನೆನಪಿಗೆ ತಂದ ಮನೆಯ ಮಾತು ಬರೆಯಿರಿ. ಕೋಪ್ರ ಎಂದು ಬರೆದರೆ ಎದುರಿಗೆ ಕೊಬ್ಬರಿ; ಅರೆಕ ಎಂದು ಬರೆದರೆ ಎದುರಿಗೆ ಅಡಿಕೆ ಮತ್ತು ಅಡಕ್ಕ.

ನಮ್ಮ ಮಗ್ಗುಲಲ್ಲೇ ಎಂತಹ ಭಂಡಾರವಿದೆ ಎಂಬುದನ್ನೂ ಆ ಹಿರಿಯರಿಗೆ ಹೇಳಬಹುದು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಹೊರಬಂದವು. ಮೂರರ ಅರ್ಥವಿವರಣೆಯೂ ಇಂಗ್ಲಿಷಿನಲ್ಲೇ ಇದೆ. ಭಾರತದ ಭಾಷೆಗಳಿಂದ ಇಂಗ್ಲಿಷಿಗೆ ಹೋದ ಪದಗಳ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಕೋಶವೂ 1886ರದ್ದೇ. ಅದನ್ನು ಯೂಲ್ ಅವರೊಡನೆ ರಚಿಸಿದ ಬರ್ನೆಲ್, ತುಳುನಾಡಿನ ಜನಪದ ಕಥನಗೀತೆಗಳಾದ ಪಾಡ್ದನಗಳನ್ನು ಸಂಗ್ರಹಿಸಿದ ಅದೇ ಬರ್ನೆಲ್. ಈ ನಾಲ್ಕನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ಒಂದು ಪದವನ್ನು ಹುಡುಕುವ ಮಧ್ಯಾಹ್ನಕ್ಕಿಂತ ಒಳ್ಳೆಯ ಮಧ್ಯಾಹ್ನವನ್ನು ನಾನು ಹೆಚ್ಚು ಕಂಡಿಲ್ಲ. ಚರವಾಣಿಯಲ್ಲಿ ಹರಿದಾಡುವ ಪದಪಟ್ಟಿಗಳನ್ನು ನಂಬುವ ಮೊದಲು ಇಂತಹ ಕೋಶಗಳಲ್ಲಿ ನೋಡುವ ಅಭ್ಯಾಸ ಮಾಡಿಸಿ. ದೊಡ್ಡ ಕೋಶವೂ ತಪ್ಪುವುದುಂಟು: 1934ರ ವೆಬ್‌ಸ್ಟರ್ ನಿಘಂಟಿನಲ್ಲಿ, ಸಾಂದ್ರತೆಗೆ ದೊಡ್ಡ ಅಥವಾ ಚಿಕ್ಕ ಡಿ ಅಕ್ಷರವನ್ನು ಬಳಸುತ್ತಾರೆಂದು ತಿಳಿಸುವ 'D or d' ಎಂಬ ಚೀಟಿಯನ್ನು ಒಂದೇ ಪದವೆಂದು ತಪ್ಪಾಗಿ ಓದಿದ್ದರಿಂದ ಡಾರ್ಡ್ ಎಂಬ ಇಲ್ಲದ ಪದವೊಂದು ಸೇರಿಕೊಂಡಿತು, ಅದು ಸಂಪಾದಕರ ಕಣ್ಣಿಗೆ ಬೀಳಲು ಐದು ವರ್ಷ ಹಿಡಿಯಿತು.

ಕೊನೆಯದಾಗಿ ನಿಮ್ಮ ಕ್ವಿಂಕಂಕ್ಸ್. ಅದು ರೋಮನ್ನರ ಹಣದ ಲೆಕ್ಕದಲ್ಲಿ ಹನ್ನೆರಡರಲ್ಲಿ ಐದು ಪಾಲು; ಆ ನಾಣ್ಯದ ಮೇಲಿನ ಐದು ಚುಕ್ಕೆಗಳಿಂದ ಈಗಿನ ಅರ್ಥ ಬಂತು. ದಾಳದ ಐದರ ಮುಖದಂತೆ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ತೋಟಗಾರಿಕೆಯ ಪುಸ್ತಕಗಳಲ್ಲಿ ಗಿಡ ನೆಡುವ ಒಂದು ಕ್ರಮಕ್ಕೂ ಇದೇ ಹೆಸರು. ನಿಮ್ಮ ಊರಿನ ಅಡಿಕೆ ತೋಟಗಳಲ್ಲಿ ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟು, ನಾಲ್ಕು ಮರಗಳ ನಡುವೆ ಕೊಕ್ಕೋ ಗಿಡ ಇಟ್ಟಿರುತ್ತಾರೆ. ಮುಂದಿನ ಶನಿವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಆ ಕೊಕ್ಕೋ ಗಿಡದ ಪಕ್ಕದಲ್ಲಿ ನಿಲ್ಲಿಸಿ, ನಾಲ್ಕು ಮರಗಳನ್ನೂ ಮುಟ್ಟಿ ಬರಲು ಹೇಳಿ. ಪದವನ್ನು ಅವರು ಮರಳಿ ನಡುವೆ ಬಂದು ನಿಂತ ಮೇಲೆ ಹೇಳಿಕೊಡಿ.

— ಸಂಪಾದಕ